ಇಸಿಯು ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿದುಕೊಳ್ಳಿ

ನನ್ನದು ಶಿರಸಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಜನವರಿಯಿಂದ ಮೇ ತನಕ ಅಡಿಕೆ ತೋಟದ ಪಂಪುಗಳು ಸುಟ್ಟುಕೊಂಡು ಸಾಲಾಗಿ ಬರುತ್ತವೆ, ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಮಳೆ ಹಿಡಿಯಿತೋ, ತೋಟಕ್ಕೆ ನೀರು ಬಿಡುವುದು ನಿಲ್ಲುತ್ತದೆ, ನನ್ನ ಕೈಯೂ ಖಾಲಿ. ಆಗ ಅಂಗಡಿ ಹಿಂದಿನ ಶೆಡ್ಡಿನಲ್ಲಿರುವ ಹಳೇ ಮಾರುತಿ ಎಸ್ಟೀಮ್ ಕಾರಿನ ಬಾನೆಟ್ ಎತ್ತುತ್ತೇನೆ. ಅದಕ್ಕೆ ಸುಜುಕಿ ಬೈಕಿನ ನಾಲ್ಕು ಥ್ರಾಟಲ್ ಬಾಡಿ, ಅಂದ್ರೆ ಎಂಜಿನ್ನಿಗೆ ಗಾಳಿ ಬಿಡುವ ಕವಾಟ, ಕೂರಿಸಿದ್ದೇನೆ. ವಾಲ್ವ್ ತೆರೆಯುವ ಕ್ಯಾಮ್ ಬದಲಾಗಿದೆ. ಎಂಜಿನ್ನಿಗೆ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅಂತ ಲೆಕ್ಕ ಹಾಕುವ ಕಂಪ್ಯೂಟರ್ ಡಬ್ಬಿಯೇ ಇಸಿಯು. ಕಂಪನಿಯ ಇಸಿಯು ಕಿತ್ತು ಹೊರಗಿನದು ಹಾಕಿದ್ದೇನೆ, ಅದೂ ಎರಡು ಸಲ. ಯಾಕೆ ಎರಡು ಸಲ ಅನ್ನುವುದನ್ನು ಹೇಳಿದರೆ ನಿಮ್ಮದು ಒಂದೇ ಸಲಕ್ಕೆ ಮುಗಿಯಬಹುದು.

"ಅಣ್ಣಾ, ಯಾವ ಇಸಿಯು ತಗೊಳ್ಳಲಿ?" ಅಂತ ಹುಡುಗರು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: "ನಿನ್ನ ಕ್ರ್ಯಾಂಕ್ ಸೆನ್ಸರಿಗೆ ಎಷ್ಟು ವೈರು ಮಾರಾಯ?" ಅರ್ಧ ಜನ ಅಲ್ಲಿಗೇ ಸುಮ್ಮನಾಗುತ್ತಾರೆ.

ಮೊದಲು, ನಿಮಗೆ ಹೊಸ ಇಸಿಯು ಬೇಕೇ ಅಂತ ನೋಡಿ. ಬರೀ ಏರ್ ಫಿಲ್ಟರ್, ಎಕ್ಸಾಸ್ಟ್ ಬದಲಿಸಿದ್ದರೆ ಬೇಡ. ಕಾರಖಾನೆಯಿಂದಲೇ ಟರ್ಬೋ ಇರುವ ಈಗಿನ ಕಾರಾದರೆ, ಇದ್ದ ಇಸಿಯುವನ್ನೇ ರೀಮ್ಯಾಪ್ ಮಾಡಿಸುವುದು, ಅಂದ್ರೆ ಅದರೊಳಗಿನ ಲೆಕ್ಕ ತಿದ್ದಿಸುವುದು ಒಳ್ಳೆಯದು. ಅದರಲ್ಲಿ ಎಬಿಎಸ್, ಮೀಟರ್, ಎಸಿ ಎಲ್ಲ ಒಂದಕ್ಕೊಂದು ಮಾತಾಡಿಕೊಂಡಿರುತ್ತವೆ. ನಡುವೆ ಒಂದನ್ನು ಕಿತ್ತರೆ ಉಳಿದವು ಮುನಿಸಿಕೊಳ್ಳುತ್ತವೆ. ಪಿಗ್ಗಿಬ್ಯಾಕ್ ಅಂತ ಇನ್ನೊಂದು ಬರುತ್ತದೆ. ಸೆನ್ಸರಿಗೂ ಇಸಿಯುಗೂ ನಡುವೆ ಕೂತು ಇಸಿಯುಗೆ ಸುಳ್ಳು ಹೇಳುವ ಡಬ್ಬಿ ಅದು. ನನಗೆ ಸೇರುವುದಿಲ್ಲ. ಕ್ಯಾಮ್, ಥ್ರಾಟಲ್, ಎಂಜಿನ್ ಇವೇ ಬದಲಾದಾಗ, ಇಲ್ಲವೇ ಟರ್ಬೋ ಇಲ್ಲದ ಎಂಜಿನ್ನಿಗೆ ಟರ್ಬೋ ಕೂರಿಸಿದಾಗ ಮಾತ್ರ ಪೂರ್ತಿ ಸ್ವತಂತ್ರ ಇಸಿಯು ಬೇಕಾಗುತ್ತದೆ. ಮುಂದೆ ಹೇಳುವುದೆಲ್ಲ ಅದಕ್ಕೇ.

ಈಗ ಒಂದು ಹಾಳೆ, ಪೆನ್ನು, ಮಲ್ಟಿಮೀಟರ್ ತಗೊಂಡು ಬಾನೆಟ್ ಕೆಳಗೆ ಬಗ್ಗಿ.

ಕ್ರ್ಯಾಂಕ್ ಸೆನ್ಸರ್ ಮೊದಲು. ಎಂಜಿನ್ ಎಲ್ಲಿಗೆ ತಿರುಗಿದೆ ಅಂತ ಇಸಿಯುಗೆ ಹೇಳುವುದು ಇದೇ. ಎರಡೇ ವೈರಿದ್ದು, ಮೀಟರಿನಲ್ಲಿ ಕೆಲವು ನೂರು ಓಮ್‌ನಿಂದ ಸಾವಿರದ ಆಸುಪಾಸು ತೋರಿಸಿದರೆ ಅದು ಸಾಮಾನ್ಯವಾಗಿ ವಿಆರ್ ಸೆನ್ಸರ್. ಒಳಗೆ ಒಂದು ಅಯಸ್ಕಾಂತ, ಅದರ ಸುತ್ತ ತಂತಿ, ಅಷ್ಟೇ. ನನ್ನ ಅಂಗಡಿಯ ಮಾಲೇ ಅನ್ನಿ. ಕ್ರ್ಯಾಂಕಿನ ಜೊತೆ ತಿರುಗುವ ಚಕ್ರದ ಹಲ್ಲು ದಾಟಿದಾಗೆಲ್ಲ ಒಂದು ಎಸಿ ಅಲೆ ಎಬ್ಬಿಸುತ್ತದೆ. ಮೂರು ವೈರಿದ್ದರೆ ಹೆಚ್ಚಾಗಿ ಹಾಲ್ ಸೆನ್ಸರ್, ಅದು ಆನ್-ಆಫ್ ಅಂತ ಚೌಕ ಅಲೆ ಕೊಡುತ್ತದೆ. ವಿಆರ್ ಸೆನ್ಸರಿಗೆ ಇಸಿಯು ಒಳಗೆ ಅಲೆಯನ್ನು ಚೌಕ ಮಾಡುವ ಸರ್ಕ್ಯೂಟ್ ಬೇಕು. ಅಗ್ಗದ ಬೋರ್ಡುಗಳಲ್ಲಿ ಎಷ್ಟೋ ಸಲ ಅದನ್ನು ಬೇರೆಯಾಗಿ ಕೊಂಡು ಸಿಕ್ಕಿಸಬೇಕಾಗುತ್ತದೆ. ವಿಆರ್‌ನ ಎರಡು ವೈರು ಅದಲುಬದಲಾದರೂ ಎಂಜಿನ್ ಒಮ್ಮೊಮ್ಮೆ ಸ್ಟಾರ್ಟ್ ಆಗಿಬಿಡುತ್ತದೆ. ಆರ್‌ಪಿಎಂ ಏರಿದ ಹಾಗೆ ಹಲ್ಲಿನ ಲೆಕ್ಕ (ಸಿಂಕ್) ತಪ್ಪಿ ಮುಕ್ಕರಿಸುತ್ತದೆ. ಪೆಟ್ರೋಲ್ ಪಂಪು ಕೆಟ್ಟಿತು ಅಂತ ನೀವು ಟ್ಯಾಂಕ್ ಬಿಚ್ಚುತ್ತೀರಿ.

ಹಲ್ಲಿನ ಲೆಕ್ಕವನ್ನೂ ಬರೆದುಕೊಳ್ಳಿ. 36ರಲ್ಲಿ 1 ಹಲ್ಲು ಇಲ್ಲದ ಚಕ್ರ, 60ರಲ್ಲಿ 2 ಇಲ್ಲದ ಚಕ್ರ, ಇವು ಎಲ್ಲ ಇಸಿಯುಗೂ ಗೊತ್ತು. ನಾನು ಪುಲ್ಲಿಗೆ 36ರ ಚಕ್ರವನ್ನೇ ಕೂರಿಸಿಕೊಂಡೆ. ನಿಮ್ಮ ಎಂಜಿನ್ನಿನದು ವಿಚಿತ್ರ ಲೆಕ್ಕದ್ದಾದರೆ, ಆ ಹೆಸರು ಇಸಿಯುವಿನ ಪಟ್ಟಿಯಲ್ಲಿ ಇದೆಯೋ ಇಲ್ಲವೋ ನೋಡದೆ ದುಡ್ಡು ಕೊಡಬೇಡಿ.

ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸುಲಭ. ಸಾಕೆಟ್ ತೆಗೆದು ಓಮ್ ನೋಡಿ. 12ರಿಂದ 16 ಬಂದರೆ ಯಾವ ಇಸಿಯು ಆದರೂ ನಡೆಸುತ್ತದೆ. 2-3 ಓಮ್ ಬಂದರೆ ಲೆಕ್ಕ ಹಾಕಿ: 14 ವೋಲ್ಟಿಗೆ ಸುಮಾರು 5ರಿಂದ 7 ಆಂಪಿಯರ್ ಎಳೆಯುತ್ತದೆ. ಇಸಿಯು ಒಳಗೆ ಇಂಜೆಕ್ಟರನ್ನು ಆನ್-ಆಫ್ ಮಾಡುವ ಸಾದಾ ಡ್ರೈವರ್ ಅದನ್ನು ತಾಳುವುದಿಲ್ಲ. ಅದಕ್ಕೆ ಮೊದಲು ಜೋರು ಕರೆಂಟು ಕೊಟ್ಟು ಆಮೇಲೆ ಇಳಿಸುವ, ಪೀಕ್ ಅಂಡ್ ಹೋಲ್ಡ್ ಡ್ರೈವರ್ ಇರುವ ಇಸಿಯು ಬೇಕು, ಇಲ್ಲವೇ ಸರಣಿಯಲ್ಲಿ ರೆಸಿಸ್ಟರ್ ಹಾಕಬೇಕು. ಇನ್ನೊಂದು ಮಾತು. ಟರ್ಬೋ ಇಲ್ಲದ ನಾಲ್ಕು ಸಿಲಿಂಡರಿನಿಂದ 120 ಕುದುರೆ ಶಕ್ತಿ ತೆಗೆಯಲು ನಿಮಿಷಕ್ಕೆ ಸುಮಾರು 200 ಸಿಸಿ ಹರಿಯುವ ಇಂಜೆಕ್ಟರ್ ಸಾಕು. 550 ಸಿಸಿಯದು ಹಾಕಿಕೊಂಡು ಐಡಲ್ ನಿಲ್ಲುವುದಿಲ್ಲ ಅಂತ ಇಸಿಯುವನ್ನು ಬೈಯುವವರನ್ನು ನೋಡಿದ್ದೇನೆ.

ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬಗ್ಗೆ ಹೇಳಲು ನನಗೆ ನಾಚಿಕೆ. ಎರಡು ವೈರಿನ ಕಾಯಿಲ್ ಒಳಗೆ ಬರೀ ವೈಂಡಿಂಗ್ ಇರುತ್ತದೆ. ಅದನ್ನು ಆನ್-ಆಫ್ ಮಾಡಲು ಇಗ್ನೈಟರ್ ಬೇರೆ ಬೇಕು, ಅಥವಾ ಇಸಿಯು ಒಳಗೇ ಇರಬೇಕು. ಮೂರು-ನಾಲ್ಕು ವೈರಿನದಕ್ಕೆ ಸಾಮಾನ್ಯವಾಗಿ ಇಗ್ನೈಟರ್ ಒಳಗೇ ಇರುತ್ತದೆ. ನಾನು ಎರಡನೇ ಜಾತಿಯದು ತಂದು ಹಾಕಿದೆ. ಸಾಫ್ಟ್‌ವೇರಿನಲ್ಲಿ, ಕಿಡಿ ಹಾರುವುದು ಸಿಗ್ನಲ್ ಏರುವಾಗಲೋ ಇಳಿಯುವಾಗಲೋ ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಉಲ್ಟಾ ಇಟ್ಟಿದ್ದೆ. ಕೀ ಆನ್ ಮಾಡಿ ಲ್ಯಾಪ್‌ಟಾಪ್ ನೋಡುತ್ತಾ ಕೂತೆ. ಎರಡು ನಿಮಿಷಕ್ಕೆ ವಾರ್ನಿಶ್ ಕಾದ ವಾಸನೆ. ದಿನಾ ಮೂಗಿಗೆ ಬಡಿಯುವ ವಾಸನೆ ಅದು. ಮೊದಲು ಟೇಬಲ್ ಮೇಲಿದ್ದ ಗಿರಾಕಿಯ ಪಂಪಿನ ಮೇಲೆ ಅನುಮಾನ ಬಂತು. ಅದಕ್ಕೆ ಕರೆಂಟೇ ಕೊಟ್ಟಿರಲಿಲ್ಲ. ಕಾಯಿಲ್ ಮುಟ್ಟಿದರೆ ಕೈ ಸುಟ್ಟಿತು. ಸುಮಾರು 3 ಮಿಲಿಸೆಕೆಂಡ್ ಕರೆಂಟು ಹರಿಯಬೇಕಾದ ಕಾಯಿಲಿಗೆ ಎರಡು ನಿಮಿಷ ಬಿಡದೆ ಹರಿದಿತ್ತು. ಇಪ್ಪತ್ತು ವರ್ಷ ವೈಂಡಿಂಗ್ ಮಾಡಿದವ ಕೈಯಾರೆ ವೈಂಡಿಂಗ್ ಸುಟ್ಟ. ಅಂದಿನಿಂದ, ಸೆಟ್ಟಿಂಗ್ ಪೂರ್ತಿ ಆಗಿ ಒಂದೊಂದೇ ಔಟ್‌ಪುಟ್ ಪರೀಕ್ಷೆ ಮಾಡುವ ತನಕ ಕಾಯಿಲಿನ ಫ್ಯೂಸ್ ಹಾಕುವುದಿಲ್ಲ.

ಥ್ರಾಟಲ್ ಕೇಬಲ್ಲಿನದೋ ಎಲೆಕ್ಟ್ರಾನಿಕ್ಕೋ, ಐಡಲ್ ವಾಲ್ವ್ ಎಷ್ಟು ವೈರಿನದು, ಫ್ಯಾನು, ಎಸಿ, ಇವನ್ನೂ ಹಾಳೆಯಲ್ಲಿ ಬರೆಯಿರಿ. ಎಲೆಕ್ಟ್ರಾನಿಕ್ ಥ್ರಾಟಲ್ ನಡೆಸುವ ಶಕ್ತಿ ಎಲ್ಲ ಇಸಿಯುಗೂ ಇರುವುದಿಲ್ಲ. ಅದು ತಪ್ಪಿದರೆ ಕಾರು ತಾನಾಗಿ ಓಡುತ್ತದೆ, ಹಾಗಾಗಿ ಅಲ್ಲಿ ಉಳಿತಾಯ ಬೇಡ.

ಹಾಳೆಯ ಕೊನೆಗೆ, ಸೆನ್ಸರುಗಳಿಂದ ಬರುವ ಇನ್‌ಪುಟ್ ಎಷ್ಟು, ಇಸಿಯು ನಡೆಸಬೇಕಾದ ಔಟ್‌ಪುಟ್ ಎಷ್ಟು ಅಂತ ಕೂಡಿಸಿ. ಅದರ ಮೇಲೆ ಎರಡೆರಡು ಖಾಲಿ ಉಳಿಯುವ ಇಸಿಯು ನೋಡಿ. ನಾನು ಸೋತಿದ್ದು ಇಲ್ಲಿಯೇ.

ಸಾದಾ ಕಾರಿನಲ್ಲಿ ಮ್ಯಾಪ್ ಸೆನ್ಸರ್, ಅಂದ್ರೆ ಇನ್‌ಟೇಕ್ ಒಳಗಿನ ಒತ್ತಡ ಅಳೆಯುವ ಸೆನ್ಸರ್, ಎಷ್ಟು ಗಾಳಿ ಹೋಗುತ್ತಿದೆ ಅಂತ ಇಸಿಯುಗೆ ತಿಳಿಸುತ್ತದೆ. ನಾಲ್ಕು ಥ್ರಾಟಲ್ ಬಾಡಿ ಹಾಕಿದಾಗ ಆ ಒತ್ತಡ ಕುಣಿಯುತ್ತಿರುತ್ತದೆ, ನಂಬುವ ಹಾಗಿಲ್ಲ. ಆಗ ಥ್ರಾಟಲ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟು, ಇಷ್ಟರ ಮೇಲೇ ಪೆಟ್ರೋಲ್ ಲೆಕ್ಕ ಹಾಕಬೇಕು. ಆಲ್ಫಾ-ಎನ್ ಅನ್ನುತ್ತಾರೆ. ಇದರಲ್ಲಿ ಹೊರಗಿನ ಗಾಳಿ ತೆಳುವಾಗಿದೆಯೋ ದಪ್ಪಗಿದೆಯೋ ಅನ್ನುವುದು ಇಸಿಯುಗೆ ತಾನಾಗಿ ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲೇ ಸುತ್ತುವವರಿಗೆ ಇದು ದೊಡ್ಡ ವಿಷಯವಲ್ಲ. ನಮಗೆ ಘಟ್ಟ ಇದೆ.

ಶಿರಸಿ ಸಮುದ್ರಮಟ್ಟಕ್ಕಿಂತ ಹೆಚ್ಚುಕಮ್ಮಿ 600 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ ಸುಮಾರು 94 ಕಿಲೋಪ್ಯಾಸ್ಕಲ್, ಸಮುದ್ರ ತೀರದ ಕುಮಟಾದಲ್ಲಿ 101. ನಾನು ಕಾರನ್ನು ಶಿರಸಿಯಲ್ಲೇ ಟ್ಯೂನ್ ಮಾಡಿದ್ದೆ. ಪೂರ್ತಿ ಒತ್ತಿದಾಗ, ಎಕ್ಸಾಸ್ಟಿನ ಹೊಗೆ ಅಳೆಯುವ ವೈಡ್‌ಬ್ಯಾಂಡ್ ಮೀಟರಿನಲ್ಲಿ ಲ್ಯಾಂಬ್ಡಾ 0.87. ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಇದ್ದರೆ 1, ಅದಕ್ಕಿಂತ ಕಮ್ಮಿ ಇದ್ದರೆ ಪೆಟ್ರೋಲ್ ಜಾಸ್ತಿ, ಎಂಜಿನ್ ತಣ್ಣಗೆ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ರಾಗಿಹೊಸಳ್ಳಿ ದಾಟಿ, ದೇವಿಮನೆ ಘಟ್ಟ ಇಳಿದು, ದಿವಗಿಯಲ್ಲಿ ಹೆದ್ದಾರಿ ಸೇರಿದೆ. ರಸ್ತೆ ಖಾಲಿ ಇತ್ತು, ಮೂರನೇ ಗೇರಿನಲ್ಲಿ ಒತ್ತಿದೆ. 0.93. ಜೊತೆಗೆ ಬಾಟಲಿಯೊಳಗೆ ಗೋಲಿ ಅಲ್ಲಾಡಿಸಿದಂಥ ಸದ್ದು, ಪೆಟ್ರೋಲ್ ಸಾಲದೆ ಎಂಜಿನ್ ಬಡಿದುಕೊಳ್ಳುವುದು. ಕಾಲು ತೆಗೆದೆ. ಕುಮಟಾದಲ್ಲಿ ಚಾ ಕುಡಿದು ಮತ್ತೆ ಸ್ಟಾರ್ಟ್ ಮಾಡಿ ಹೊರಟರೆ 0.87, ಏನೂ ಆಗಿಲ್ಲ ಅನ್ನುವ ಹಾಗೆ. ಸಂಜೆ ಘಟ್ಟ ಹತ್ತಿ ಶಿರಸಿಗೆ ಬಂದಾಗ 0.81, ಹಿಂದಿನಿಂದ ಪೆಟ್ರೋಲ್ ವಾಸನೆ. ಮರುದಿನ ಬೆಳಿಗ್ಗೆ ಮತ್ತೆ ಸರಿ.

ಮೂರು ವಾರ ತಲೆ ಕೆಡಿಸಿಕೊಂಡೆ. ಪಂಪು ಬದಲಿಸಿದೆ, ಫಿಲ್ಟರ್ ಬದಲಿಸಿದೆ, ಅರ್ಥಿಂಗ್ ಎಲ್ಲ ಬಿಚ್ಚಿ ಉಜ್ಜಿದೆ. ಕೊನೆಗೆ ಓಡುವಾಗ ಇಸಿಯು ಬರೆದಿಟ್ಟ ಲಾಗ್ ತೆರೆದು ಗೆರೆ ಗೆರೆಯಾಗಿ ನೋಡಿದೆ. ಶಿರಸಿಯಿಂದ ದಿವಗಿ ತನಕ ಹೊರಗಾಳಿಯ ಒತ್ತಡದ ಗೆರೆ ದಾರ ಎಳೆದ ಹಾಗೆ ನೆಟ್ಟಗೆ 94ರಲ್ಲೇ ನಿಂತಿತ್ತು! ಘಟ್ಟ ಇಳಿದದ್ದು ಅದಕ್ಕೆ ಗೊತ್ತೇ ಇಲ್ಲ. ಆ ಇಸಿಯು ಕೀ ಆನ್ ಮಾಡಿದಾಗ, ಎಂಜಿನ್ ತಿರುಗುವ ಮೊದಲು, ಮ್ಯಾಪ್ ಸೆನ್ಸರ್ ಒಮ್ಮೆ ನೋಡಿ ಹೊರಗಾಳಿ ಇಷ್ಟು ಅಂತ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಆಫ್ ಮಾಡುವ ತನಕ ಅದೇ ಲೆಕ್ಕ. ಕುಮಟಾದಲ್ಲಿ ಚಾ ಕುಡಿಯಲು ಕೀ ತೆಗೆದದ್ದೇ ರಿಪೇರಿ.

ಪರಿಹಾರ ಚಿಕ್ಕದು. ಹೊರಗಾಳಿಗೇ ಅಂತ ಇನ್ನೊಂದು ಒತ್ತಡದ ಸೆನ್ಸರ್ ಕೊಡಬೇಕು, ಸಾಫ್ಟ್‌ವೇರಿನಲ್ಲಿ ಹೇಳಬೇಕು. ನನ್ನ ಡಬ್ಬಿಯಲ್ಲಿ ಅಂಥ ಸೆನ್ಸರ್ ಸಿಕ್ಕಿಸಲು ಖಾಲಿ ಅನಲಾಗ್ ಇನ್‌ಪುಟ್ ಒಂದೂ ಉಳಿದಿರಲಿಲ್ಲ. ಹೀಗೆ ಎರಡನೇ ಇಸಿಯು ಬಂತು. ಹಾಗಾಗಿ ದೇವಿಮನೆ, ಅರಬೈಲ್, ಅಣಶಿ ಘಟ್ಟಗಳಲ್ಲಿ ಓಡಾಡುವವರು ಮಾರುವವನನ್ನು ಮೊದಲು ಕೇಳಬೇಕಾದ್ದು ಇದು: ಹೊರಗಾಳಿಯ ಒತ್ತಡವನ್ನು ಓಡುತ್ತಿರುವಾಗಲೂ ನೋಡುತ್ತದೆಯೋ, ಸ್ಟಾರ್ಟ್ ಮಾಡುವಾಗ ಮಾತ್ರವೋ? ಉತ್ತರ ತಡವರಿಸಿದರೆ ಕೈಪಿಡಿ ಇಳಿಸಿಕೊಂಡು ನೀವೇ ಓದಿ.

ಬ್ರ್ಯಾಂಡಿನ ಜಗಳಕ್ಕೆ ನಾನು ಹೋಗುವುದಿಲ್ಲ. ಮೋಟೆಕ್, ಹಾಲ್ಟೆಕ್ ಆಸ್ಟ್ರೇಲಿಯಾದವು, ಲಿಂಕ್ ನ್ಯೂಜಿಲೆಂಡಿನದು, ಇಸಿಯುಮಾಸ್ಟರ್ ಪೋಲೆಂಡಿನದು, ಮ್ಯಾಕ್ಸ್‌ಇಸಿಯು ಸ್ವೀಡನ್ನಿನದು. ಹೊರದೇಶದ ಮಾಲಿನ ಬೆಲೆಗೆ ಸಾಗಾಟ, ಸುಂಕ ಸೇರಿಸಿಯೇ ಲೆಕ್ಕ ಹಾಕಿ. ಕೈಯಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿಯಲು ಬರುವವರಿಗೆ ಮೆಗಾಸ್ಕ್ವರ್ಟ್ ಇದೆ, ರಸ್‌ಇಎಫ್‌ಐ ಇದೆ, ಆರ್ಡುಯಿನೋ ಮೆಗಾ ಮೇಲೆ ಕೂರುವ ಸ್ಪೀಡುಯಿನೋ ಇದೆ. ಈ ಮೂರಕ್ಕೂ ಟ್ಯೂನರ್‌ಸ್ಟುಡಿಯೋ ಅನ್ನುವ ಒಂದೇ ಸಾಫ್ಟ್‌ವೇರ್ ನಡೆಯುತ್ತದೆ, ಒಂದನ್ನು ಕಲಿತರೆ ಇನ್ನೊಂದು ಅರ್ಧ ಬಂದ ಹಾಗೆ.

ನೀವೇ ಟ್ಯೂನ್ ಮಾಡುವುದಿಲ್ಲ ಅಂತಾದರೆ ಮೊದಲು ಟ್ಯೂನರನ್ನು ಹುಡುಕಿ, ಅವನಿಗೆ ಯಾವುದು ಕೈಗೆ ಒಗ್ಗಿದೆಯೋ ಅದನ್ನೇ ಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಕೂತು ಬೆಂಗಳೂರಿನ ಟ್ಯೂನರನ್ನು ನಂಬುವುದಾದರೆ, ಲಾಗ್ ಫೈಲು ಕಳಿಸಿ ಬದಲಾದ ಫೈಲು ತರಿಸಿಕೊಳ್ಳುವಷ್ಟಾದರೂ ನಿಮಗೆ ಬರಬೇಕು. ಕೊಳ್ಳುವ ಮೊದಲೇ ಆ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಒಂದು ವಾರ ತಡಕಾಡಿ. ಹೆಚ್ಚಿನವು ಪುಕ್ಕಟೆ ಸಿಗುತ್ತವೆ.

ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಟ್ಯೂನ್ ಮಾಡುತ್ತೇನೆ ಅನ್ನುವವನ ಹತ್ತಿರ ಕಾರು ಬಿಡಬೇಡಿ. ಬಾಶ್ ಎಲ್‌ಎಸ್‌ಯು 4.9 ಎಲ್ಲ ಕಡೆ ಬಳಕೆಯಲ್ಲಿದೆ. ಅದರ ಕಂಟ್ರೋಲರ್ ಒಳಗೇ ಇರುವ ಇಸಿಯು ಸಿಕ್ಕಿದರೆ ಒಂದು ಡಬ್ಬಿಯ ಖರ್ಚು ಉಳಿಯುತ್ತದೆ. ಲೆಕ್ಕವನ್ನು ಲ್ಯಾಂಬ್ಡಾದಲ್ಲೇ ಇಡಿ. ಒಂದು ಪಾಲು ಇಂಧನಕ್ಕೆ 14.7 ಪಾಲು ಗಾಳಿ ಅನ್ನುವುದು ಬರೀ ಪೆಟ್ರೋಲಿನ ಸಂಖ್ಯೆ. ಈಗ ಬಂಕಿನಲ್ಲಿ ಸಿಗುವ, ಶೇಕಡಾ 20 ಎಥನಾಲ್ ಬೆರೆತ ಇ20ಗೆ ಅದು ಸುಮಾರು 13.5ಕ್ಕೆ ಇಳಿಯುತ್ತದೆ.

ಇನ್ನು ಮಳೆ. ವರ್ಷದಲ್ಲಿ ನಾಲ್ಕು ತಿಂಗಳು ಬಟ್ಟೆಯೂ ಒಣಗದ ಊರು ನಮ್ಮದು, ಕಾರವಾರ-ಅಂಕೋಲಾ ಕಡೆ ಉಪ್ಪುಗಾಳಿ ಬೇರೆ. ತಾಮ್ರ ಹಸಿರಾಗುವುದನ್ನು ನಾನು ದಿನಾ ನೋಡುತ್ತೇನೆ. ಬೋರ್ಡಿನ ಮೇಲೆ ತೇವ ತಡೆಯುವ ಲೇಪ ಇದೆಯೇ, ಕನೆಕ್ಟರಿಗೆ ರಬ್ಬರ್ ಸೀಲ್ ಇದೆಯೇ ಕೇಳಿ. ಏನೇ ಇದ್ದರೂ ಇಸಿಯುವನ್ನು ಕಾರಿನೊಳಗೆ, ಡ್ಯಾಶ್‌ಬೋರ್ಡ್ ಹಿಂದೆ, ಎತ್ತರದಲ್ಲಿ ಇಡಿ, ನೆಲದ ಮ್ಯಾಟಿನ ಕೆಳಗಲ್ಲ. ವೈರು ಡಬ್ಬಿಗೆ ಮೇಲಿನಿಂದ ಬರಬಾರದು. ಕೆಳಗೊಂದು ಬಳುಕು ಬಿಟ್ಟು ಮೇಲಕ್ಕೆ ಹೋಗಲಿ, ನೀರು ಬಳುಕಿನಲ್ಲೇ ತೊಟ್ಟಿಕ್ಕುತ್ತದೆ. ಸೆನ್ಸರುಗಳ ಅರ್ಥಿಂಗ್ ಇಸಿಯುಗೇ ಬರಬೇಕು, ಇಸಿಯುವಿನ ಪವರ್ ಅರ್ಥಿಂಗ್ ಎಂಜಿನ್ನಿಗೆ ಹೋಗಬೇಕು, ಎರಡನ್ನೂ ಸಿಕ್ಕಲ್ಲಿ ಗಂಟು ಹಾಕಬೇಡಿ. ಜೋಡಣೆಗೆ ಕ್ರಿಂಪ್ ಮಾಡಿ, ಅಂದ್ರೆ ಲೋಹದ ತುದಿಯನ್ನು ತಂತಿಗೆ ಒತ್ತಿ ಬಿಗಿಯಿರಿ. ನಡುಗುವ ಜಾಗದಲ್ಲಿ ಸೋಲ್ಡರ್ ಅಂಚಿನಲ್ಲೇ ತಂತಿ ಮುರಿಯುತ್ತದೆ. ಇಲಿಗೆ ಔಷಧ ನನ್ನ ಹತ್ತಿರ ಇಲ್ಲ. ಶೆಡ್ಡಿನಲ್ಲಿ ಬೆಕ್ಕು ಸಾಕಿದ್ದೇನೆ.

ಆರ್‌ಟಿಒ ವಿಷಯವನ್ನೂ ಮರೆಯಬೇಡಿ. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಮಾರ್ಪಾಡು ಮಾಡಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಎಂಜಿನ್ ಬದಲಿಸುವುದಕ್ಕೆ ಮೊದಲೇ ಅನುಮತಿ ಬೇಕು, ಹೊಗೆ ತಪಾಸಣೆ ಪಾಸಾಗಬೇಕು. ಜೋರು ಓಡಿಸಲೇಬೇಕು ಅಂತಿದ್ದರೆ ಕೊಯಮತ್ತೂರಿನಲ್ಲಿ ಕರಿ ಟ್ರ್ಯಾಕ್ ಇದೆ. ದಿವಗಿಯಲ್ಲಿ ನಾನು ಮಾಡಿದ್ದು ಮಾಡಬೇಡಿ.

ನನ್ನ ಮೊದಲ ಇಸಿಯು ಈಗ ಭಾವನ ಜಿಪ್ಸಿಯಲ್ಲಿದೆ. ಅವನದು ಒಂದೇ ಥ್ರಾಟಲ್, ಸಾದಾ ಮ್ಯಾಪ್ ಸೆನ್ಸರ್. ಅದರಲ್ಲಿ ಆ ಡಬ್ಬಿ ಒಂದು ತಕರಾರೂ ಇಲ್ಲದೆ ಓಡುತ್ತಿದೆ. ಆದರೂ ಘಟ್ಟ ಇಳಿದ ಮೇಲೆ ಕತಗಾಲದಲ್ಲಿ ಒಮ್ಮೆ ಕೀ ತೆಗೆದು ಹಾಕುತ್ತಾನೆ. ಬೇಕಾಗಿಲ್ಲ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ. "ಚಾ ಕುಡಿಯಲು ಹೇಗೂ ನಿಲ್ಲಿಸಬೇಕಲ್ಲ ಭಾವ" ಅನ್ನುತ್ತಾನೆ.