ತಮ್ಮನ ಅಪೀಲು, ಮರಾಠಿಯ ಒಂದು ಸಾಲು

ಸುಲಿಗೆ ಕೇಸಿನಲ್ಲಿ ತಮ್ಮನಿಗೆ 7 ವರ್ಷ ಶಿಕ್ಷೆ ಆದಾಗ ನಮಗೆ ದಿಕ್ಕೇ ತೋಚಲಿಲ್ಲ. ಯಾದಗಿರಿಯಿಂದ ಮಾವ ಪುಣೆಗೆ ಬಂದರು. ಅವರ ಜೊತೆ ಪುಢಾರಿಗಳ ಮನೆ ಅಲೆದು ಒಂದು ತಿಂಗಳು ಸುಮ್ನೆ ಕಳೆದೆವು. ಹೈಕೋರ್ಟಿಗೆ ಅಪೀಲು ಹಾಕಲು ಇರುವುದೇ 60 ದಿನ. ತಡವಾದರೆ ಕಾರಣ ಹೇಳಿ ಮನ್ನಾ ಕೇಳಬಹುದು, ಆದರೆ ಆ ತಲೆನೋವು ಯಾಕೆ?

ದುಡ್ಡು ಮುಗಿದಿತ್ತು. ಹಳೆಯ ವಕೀಲರು ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ದಾರಿ ಸಿಕ್ಕಿದ್ದು ಯರವಡಾ ಜೈಲಿನ ಒಳಗಿಂದಲೇ. ಜೈಲಿನಲ್ಲಿ ಇರುವವರಿಗೆ, ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರು ಸಿಗಬೇಕು ಅಂತ 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತದೆ. ತಮ್ಮ ಅಲ್ಲೇ ಅರ್ಜಿ ಬರೆಸಿದ. ಹೈಕೋರ್ಟಿನ ಕಾನೂನು ಸೇವಾ ಸಮಿತಿಯಿಂದ ಮುಂಬೈಯ ಒಬ್ಬ ವಕೀಲೆ ಸಿಕ್ಕರು. ಶಿಕ್ಷೆ ಆದವರಿಗೆ ತೀರ್ಪಿನ ಪ್ರತಿಯೂ ಪುಕ್ಕಟೆ. ನಾವು ಅದಕ್ಕೆ ಏಜೆಂಟನೊಬ್ಬನಿಗೆ 2,000 ರೂಪಾಯಿ ಕೊಟ್ಟಿದ್ದೆವು!

ಡೆಕ್ಕನ್ ಕ್ವೀನ್ ರೈಲು ಹತ್ತಿ ಮುಂಬೈಯ ಫೋರ್ಟಿಗೆ, ಆ ವಕೀಲೆಯ ಹತ್ತಿರ ಹೋದೆ. ತಮ್ಮ ಅಂಥವನಲ್ಲ ಮೇಡಂ ಅಂತ ಅಳೋಕೆ ಶುರು ಮಾಡಿದೆ. ಅವರು ನೀರು ಕೊಟ್ಟು, ಸಾಕ್ಷಿಗಳ ಹೇಳಿಕೆ ತಂದಿದ್ದೀರಾ ಅಂತ ಕೇಳಿದರು. ಅಪೀಲಿನಲ್ಲಿ ಹೊಸ ಕಥೆ ಸಾಮಾನ್ಯವಾಗಿ ನಡೆಯಲ್ಲ. ಕೆಳಗಿನ ಕೋರ್ಟಿನ ಕಡತದಲ್ಲಿ ಇದ್ದದ್ದೇ ಬಂಡವಾಳ.

ಸಾಕ್ಷಿಗಳ ಹೇಳಿಕೆಗಳೆಲ್ಲ ಮರಾಠಿಯಲ್ಲಿದ್ದವು. ನಾನು ಮರಾಠಿ ಶಾಲೆಯಲ್ಲಿ ಕಲಿತವಳು. ಮೂರು ರಾತ್ರಿ ಕೂತು ಓದಿದೆ. ಪಾಟೀಸವಾಲಿನಲ್ಲಿ ದೂರುದಾರರು ಒಂದು ಮಾತು ಒಪ್ಪಿಕೊಂಡಿದ್ದರು: ಹಲವರ ಸಾಲಿನಲ್ಲಿ ಆರೋಪಿಯ ಗುರುತು ಹಿಡಿಯುವ ಪರೇಡಿಗೆ ಮೊದಲೇ ಪೊಲೀಸರು ಅವರಿಗೆ ತಮ್ಮನ ಫೋಟೋ ತೋರಿಸಿದ್ದರು. ತೀರ್ಪಿನಲ್ಲಿ ಹುಡುಕಿದೆ, ಆ ಮಾತೇ ಇಲ್ಲ. ಜೈಲಿನ ಭೇಟಿಯಲ್ಲಿ (ಮುಲಾಖತ್) ತಮ್ಮನಿಗೆ ಹೇಳಿದೆ.

"ಹಂಗಂದಿದ್ರೇನಕ್ಕಾ? ನಂಗ ತಿಳೀಲೇ ಇಲ್ಲ" ಅಂದ.

ಕೋರ್ಟಿನ ಮರಾಠಿ ತಿಳಿಯದೆಯೇ ಎರಡು ವರ್ಷ ಕಟಕಟೆಯಲ್ಲಿ ನಿಂತಿದ್ದ ಹುಡುಗ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ಹೇಳಿದರೆ ಅದನ್ನು ಅವನಿಗೆ ತಿಳಿಯುವ ಭಾಷೆಗೆ ಅನುವಾದಿಸಿ ಹೇಳಬೇಕು ಅಂತ ಕಾನೂನಿದೆ. ನನಗೆ ಅದೇ ದೊಡ್ಡದು ಅನ್ನಿಸಿತು. ವಕೀಲೆ ಒಪ್ಪಲಿಲ್ಲ. ಆಗ ನಿಮ್ಮ ವಕೀಲರು ಪಕ್ಕದಲ್ಲೇ ಇದ್ದರಲ್ಲ, ಅದು ಅಷ್ಟು ತೂಗಲ್ಲ, ಫೋಟೋ ವಿಷಯವೇ ಮೊದಲು ಅಂದರು. ನನಗೆ ಈಗಲೂ ಹೊಟ್ಟೆಯಲ್ಲಿ ಉರಿಯುತ್ತದೆ. ಆದರೆ ಅವರು ಹೇಳಿದ್ದೇ ಸರಿ.

ಅಪೀಲಿನ ಜೊತೆಗೇ ಶಿಕ್ಷೆ ಅಮಾನತಿನ ಅರ್ಜಿಯನ್ನೂ, ಅಂದರೆ ಅಪೀಲು ಮುಗಿಯುವವರೆಗೆ ಶಿಕ್ಷೆ ತಡೆದು ಜಾಮೀನು ಕೊಡಿ ಅಂತ ಕೇಳುವ ಅರ್ಜಿಯನ್ನೂ ಹಾಕಿಸಿ, ಮರೆಯಬೇಡಿ. ಅಪೀಲು ವಿಚಾರಣೆಗೆ ಬರಲು ವರ್ಷಗಳೇ ಹಿಡಿಯಬಹುದು. ತಮ್ಮನಿಗೆ 8 ತಿಂಗಳಿಗೆ ಜಾಮೀನು ಸಿಕ್ಕಿತು. ಅಪೀಲು ಇನ್ನೂ ಬಾಕಿ ಇದೆ. ಅವನು ಕಾತ್ರಜ್ ಕಡೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ಸಂಜೆ ನನ್ನ ಮಗಳ ಪಕ್ಕ ಕೂತು ಮರಾಠಿ ಓದೋದು ಕಲಿಯುತ್ತಿದ್ದಾನೆ.