ಜಡಿಮಳೆಯಲ್ಲಿ ಮರಳಿ ಬಂದ ವಾಸನೆ: ಸೋಫಾದ ಫೋಮ್ ತೊಳೆದ ನನ್ನ ಅನುಭವ

ಸೋಮವಾರಪೇಟೆಯ ಸಮೀಪದ ನಮ್ಮ ತೋಟದ ಮನೆಯಲ್ಲಿ ಇಲಿಗಳ ಕಾಟಕ್ಕೆಂದು ಸಾಕಿದ ಗಂಡು ಬೆಕ್ಕು, ಜೂನ್ ತಿಂಗಳ ಮಳೆ ಹಿಡಿದ ಮೇಲೆ ಅಂಗಳಕ್ಕಿಳಿಯಲು ಒಪ್ಪದೆ, ಹಜಾರದ ಸೋಫಾದ ಒಂದು ಮೂಲೆಯಲ್ಲೇ ಮೂತ್ರ ಮಾಡತೊಡಗಿತು. ನಾನು ಬಿಸಿನೀರು, ಸೋಪಿನ ಪುಡಿ ಹಾಕಿ ಬಟ್ಟೆಯ ಮೇಲೆಯೇ ಉಜ್ಜಿದೆ. ಕಲೆ ತಿಳಿಯಾಯಿತು, ಆದರೆ ಗಾಳಿಯಲ್ಲಿ ತೇವ ಹೆಚ್ಚಿದ ದಿನಗಳಲ್ಲೆಲ್ಲ ವಾಸನೆ ಮೊದಲಿಗಿಂತ ಘಾಟಾಗಿ ಎದ್ದುಬರುತ್ತಿತ್ತು.

ಹೊದಿಕೆಯ ಜಿಪ್ ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು. ಮೇಲೆ ಅಂಗೈಯಷ್ಟಿದ್ದ ಕಲೆ ಫೋಮ್‌ನ ತಳದಲ್ಲಿ ಊಟದ ತಟ್ಟೆಯಷ್ಟು ಅಗಲಕ್ಕೆ ಹರಡಿತ್ತು. ಮೂತ್ರದಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಆಗಿ ಒಡೆಯುತ್ತವೆ. ಬೆಕ್ಕಿನ ಮೂತ್ರದಲ್ಲಿ, ಅದರಲ್ಲೂ ಬೀಜ ತೆಗೆಸದ ಗಂಡಿನಲ್ಲಿ ಹೆಚ್ಚಾಗಿರುವ ಫೆಲಿನೈನ್ ಎಂಬ ಅಮೈನೋ ಆಮ್ಲ, ಒಡೆದಾಗ ಗಂಧಕಯುಕ್ತ ದುರ್ವಾಸನೆ ಕೊಡುತ್ತದೆ. ಒಣಗಿ ಕುಳಿತ ಶೇಷಕ್ಕೆ ಕೊಡಗಿನ ಮಳೆಗಾಲದ ತೇವ ತಗಲಿದರೆ ಸಾಕು, ವಾಸನೆ ಮತ್ತೆ ಏಳುತ್ತದೆ.

ಫಿನಾಯಿಲ್ ಬಳಸಲು ಮನಸ್ಸಾಗಲಿಲ್ಲ, ಏಕೆಂದರೆ ಫೀನಾಲ್ ಇರುವ ದ್ರವಗಳನ್ನು ಬೆಕ್ಕಿನ ದೇಹ ಅರಗಿಸಿಕೊಳ್ಳಲಾರದು. ಬ್ಲೀಚ್ ಅಮೋನಿಯಾದೊಡನೆ ಸೇರಿ ವಿಷಾನಿಲವಾಗುತ್ತದೆ. ಹುಳಿಯಲ್ಲವೇ, ನಮ್ಮ ಕೊಡಗಿನ ಅಡುಗೆಯ ಹುಳಿರಸವಾದ ಕಾಚಂಪುಳಿ ಹಾಕಿ ನೋಡಿ ಎಂದು ನೆರೆಯವರೊಬ್ಬರು ಹೇಳಿದರು. ಆದರೆ ಆ ಕಪ್ಪು ರಸ ಬಟ್ಟೆಯ ಮೇಲೆ ಬೇರೆಯೇ ಕಲೆ ಬಿಡುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಹೊದಿಕೆಯ ಒಳಅಂಚಿನಲ್ಲಿ ಬಣ್ಣ ಬಿಡದೆಂದು ಖಚಿತಪಡಿಸಿಕೊಂಡು, ಹೊದಿಕೆಯನ್ನು ಅದರಲ್ಲಿ ನೆನೆಸಿ ತಣ್ಣೀರಿನಲ್ಲಿ ಒಗೆದೆ.

ಫೋಮ್‌ಗೆ, ಮೂತ್ರದ ಶೇಷವನ್ನೇ ಒಡೆಯುವ ಎಂಜೈಮ್ ಕ್ಲೀನರ್ ಎಂಬ ದ್ರವ ತರಿಸಿದೆ. ಸೋಪಿನ ಶೇಷ ಎಂಜೈಮಿನ ಕೆಲಸಕ್ಕೆ ಅಡ್ಡಿಯಾಗುವುದರಿಂದ ಮೊದಲು ತಣ್ಣೀರು ಹಾಯಿಸಿ, ಹಳೆಯ ಟವೆಲ್ ಹಾಸಿ ಅದರ ಮೇಲೆ ನಿಂತು ಒತ್ತಿ ನೀರು ತೆಗೆದೆ. ಬಳಿಕ ದ್ರವವನ್ನು ಎರಡೂ ಬದಿಯಿಂದ, ಕಲೆಯ ಅಂಚನ್ನು ದಾಟಿ ನಾಲ್ಕು ಬೆರಳಗಲ ನೆನೆಯುವಷ್ಟು ಸುರಿದೆ, ಏಕೆಂದರೆ ಮೂತ್ರ ಇಳಿದ ಆಳಕ್ಕೆ ಅದೂ ಇಳಿಯದಿದ್ದರೆ ಶ್ರಮವೆಲ್ಲ ವ್ಯರ್ಥ. ಚಳಿಯಲ್ಲಿ ಎಂಜೈಮ್ ನಿಧಾನವಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಒಂದು ರಾತ್ರಿಯ ಬದಲು 24 ಗಂಟೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಣಗದಂತೆ ಸೌದೆ ಒಲೆಯಿರುವ ಅಡುಗೆಮನೆಯಲ್ಲಿ ಇಟ್ಟೆ. ಆಗ ವಾಸನೆ ಹೆಚ್ಚಾದಂತೆ ತೋರಿತು. ಪೂರ್ತಿ ಒಣಗುವವರೆಗೆ ತೀರ್ಮಾನಿಸಬಾರದೆಂಬುದನ್ನು ಆಗಲೇ ಕಲಿತೆ.

ಒಣಗಿಸುವುದೇ ನಮ್ಮಲ್ಲಿ ಅತಿ ಕಷ್ಟದ ಭಾಗ. ಫೋಮ್ ಅನ್ನು ನಿಲ್ಲಿಸಿಟ್ಟು ಟೇಬಲ್ ಫ್ಯಾನ್ ಹಾಕಿದರೂ ಮೂರು ದಿನ ಬೇಕಾಯಿತು. ಎರಡನೆಯ ಸಲವೂ ಇದೇ ಕ್ರಮ ಅನುಸರಿಸಿದೆ. ಒಣಗಿದ ಮೂತ್ರದ ಕಲೆಯನ್ನು ಹೊಳೆಯಿಸಿ ತೋರಿಸುವ ಯುವಿ (ನೇರಳಾತೀತ) ಟಾರ್ಚನ್ನು ಕತ್ತಲಲ್ಲಿ ಬಿಟ್ಟು ನೋಡಿದಾಗ ಆಸನದ ಕೆಳಗಿನ ಪ್ಲೈವುಡ್ಡೂ ಮಂಕಾಗಿ ಹೊಳೆಯಿತು. ಅದಕ್ಕೂ ಅದೇ ದ್ರವ ಹಚ್ಚಿದೆ.

ಈ ನಡುವೆ ಬೆಕ್ಕನ್ನು ಪಶುವೈದ್ಯರಲ್ಲಿಗೆ ಒಯ್ದು ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು, ಬೀಜ ತೆಗೆಸಿದೆ. ಗಂಡು ಬೆಕ್ಕು ಮೂತ್ರಕ್ಕೆ ತಿಣುಕುತ್ತಿದ್ದರೆ ಒಂದು ದಿನವೂ ಕಾಯಬಾರದು. ಮೂತ್ರನಾಳ ಕಟ್ಟಿದರೆ ಅದು ಪ್ರಾಣಕ್ಕೇ ಅಪಾಯ. ಜಗಲಿಯ ಮೂಲೆಯಲ್ಲಿಟ್ಟ ಮರಳಿನ ತಟ್ಟೆಯನ್ನು ಅದು ಎರಡೇ ದಿನದಲ್ಲಿ ಒಪ್ಪಿಕೊಂಡಿತು.

ಜನವರಿಯ ಬಿಸಿಲಿಗೆ ಫೋಮ್ ಅನ್ನು ಕಾಫಿ ಒಣಗಿಸುವ ಕಣದಲ್ಲಿ ಹಾಕಿದೆ. ಕಾಫಿ ಬೀಜ ವಾಸನೆ ಹೀರಿಕೊಳ್ಳುವುದರಿಂದ, ಹರಡಿದ ಕಾಫಿಗೆ ಫೋಮ್‌ನ ಗಾಳಿ ತಗಲದ ಇನ್ನೊಂದು ತುದಿಯಲ್ಲಿ. ಮರುವರ್ಷ ಜೂನ್‌ನ ಜಡಿಮಳೆಯಲ್ಲಿ ಮೂಗು ತಾಗಿಸಿ ನೋಡಿದಾಗ ಫೋಮ್‌ನಲ್ಲಿ ಏನೂ ಇರಲಿಲ್ಲ. ಪ್ಲೈವುಡ್ಡಿನ ಒಂದು ಸಂದಿನಲ್ಲಿ ಮಾತ್ರ ತುಸು ಉಳಿದಿತ್ತು, ಆ ಹಲಗೆಯನ್ನು ಬದಲಿಸಿದೆ.