ಅಡಿಕೆ ಸುಲಿಯುವ ಚಪ್ಪರದಲ್ಲಿ ಮಲೇರಿಯಾ ಪಾಠ

ಶಿವಮೊಗ್ಗದ ಒಂದು ಕಾಲೇಜಿನ ಎನ್‌ಎಸ್‌ಎಸ್ ತಂಡದಿಂದ ನಾವು ಹನ್ನೊಂದು ಜನ ಹೊರಟಿದ್ದೆವು. ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರು. ಅಡಿಕೆ ಕೊಯ್ಲಿನ ಕಾಲದಲ್ಲಿ ಪ್ರತಿ ಶನಿವಾರ ಹೋಗಿ ಭಾನುವಾರ ಸಂಜೆ ಬಸ್ ಹತ್ತುತ್ತಿದ್ದೆವು. ಮಲೇರಿಯಾ ಬಾರದಂತೆ ಏನು ಮಾಡಬೇಕು ಅಂತ ಜನರಿಗೆ ತಿಳಿಸುವುದು ನಮ್ಮ ಕೆಲಸ.

ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಾಲೆ ಅಂಗಳದಲ್ಲಿ ಬೀದಿನಾಟಕ ಇಟ್ಟುಕೊಂಡೆವು. ಬಂದವರು ಮಕ್ಕಳು ಮತ್ತು ಇಬ್ಬರು ಅಜ್ಜಂದಿರು. ಉಳಿದವರೆಲ್ಲ ತೋಟದಲ್ಲಿದ್ದರು. ಕೊನೆ (ಅಡಿಕೆ ಗೊಂಚಲು) ತೆಗೆಯುವವರು ಬಂದ ದಿನ ಯಾರು ತಾನೇ ನಾಟಕ ನೋಡೋಕೆ ಬರ್ತಾರೆ? ಕಾಲೇಜಿನ ಟೈಮ್‌ಟೇಬಲ್ ಹಿಡಿದುಕೊಂಡು ಹೋಗಿದ್ದೆವು, ಊರಿನದು ಏನು ಅಂತ ಕೇಳಿರಲಿಲ್ಲ.

ದಾರಿ ತೋರಿಸಿದ್ದು ಆ ಊರಿನ ಆಶಾ ಕಾರ್ಯಕರ್ತೆ. "ರಾತ್ರಿ ಸುಲಿಯೋ ಚಪ್ಪರಕ್ಕೆ ಬನ್ನಿ, ಎಲ್ಲರೂ ಅಲ್ಲೇ ಸಿಗ್ತಾರೆ" ಅಂದರು. ಮುಂದಿನ ಶನಿವಾರ ರಾತ್ರಿ ಹೋದೆವು. ಒಂದು ಬಲ್ಬಿನ ಕೆಳಗೆ ಹದಿನೈದಿಪ್ಪತ್ತು ಜನ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲೆ ಕೈ ಓಡುತ್ತಿರುತ್ತದೆ, ಕಿವಿ ಖಾಲಿ ಇರುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್ ಹೆಣ್ಣು ಸೊಳ್ಳೆ ಕಚ್ಚುವುದೂ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಅಂದರೆ ಆ ಚಪ್ಪರದ ಹೊತ್ತಲ್ಲೇ. ತುಂಬು ತೋಳಿನ ಅಂಗಿ ಹಾಕ್ಕೊಳ್ಳಿ, ಮಲಗುವಾಗ ಸೊಳ್ಳೆಪರದೆ ಕಟ್ಟಿ ಅನ್ನೋ ಮಾತಿಗೆ ಅಲ್ಲಿ ಬೆಲೆ ಬಂತು.

ಆದರೂ ಒಂದು ಮಾತು ಎಲ್ಲರ ಬಾಯಲ್ಲೂ ಬರುತ್ತಿತ್ತು. "ನಮ್ಮಲ್ಲಿ ಚರಂಡಿ ಇಲ್ಲ, ಕೊಳಚೆ ಇಲ್ಲ. ಹಳ್ಳದ ನೀರು ಕನ್ನಡಿ ಥರ ಇದೆ. ಸೊಳ್ಳೆ ಎಲ್ಲಿಂದ ಬರುತ್ತೆ?"

ಇದಕ್ಕೆ ಭಾಷಣದಲ್ಲಿ ಉತ್ತರ ಕೊಟ್ಟರೆ ಆಗಲ್ಲ ಅನಿಸಿತು. ಮರುದಿನ ಬೆಳಿಗ್ಗೆ ಒಂದು ಬಿಳಿ ಪಿಂಗಾಣಿ ತಟ್ಟೆ, ಉದ್ದ ಹಿಡಿಯ ಸೌಟು ಹಿಡಿದು ಮನೆಮನೆಗೆ ಹೊರಟೆವು. ಒಂದು ಮನೆಯ ಕೊಟ್ಟಿಗೆ ಹಿಂದಿನ ಸಿಮೆಂಟ್ ತೊಟ್ಟಿ. ನೀರು ತಿಳಿಯಾಗಿತ್ತು, ತಳದ ಎಲೆ ಕೂಡ ಕಾಣುತ್ತಿತ್ತು. ನೆರಳು ಬಿದ್ದರೆ ಸೊಳ್ಳೆಯ ಮರಿಹುಳ ಕೆಳಕ್ಕೆ ಓಡುತ್ತದೆ, ಹಾಗಾಗಿ ನೆರಳು ಬೀಳದ ಕಡೆ ನಿಂತು ನಿಧಾನವಾಗಿ ಸೌಟು ಅದ್ದಬೇಕು. ತಟ್ಟೆಗೆ ಸುರಿದಾಗ ಐದಾರು ಹುಳ ಸಿಕ್ಕವು. ಸಣ್ಣ ಹುಲ್ಲಿನ ಚೂರಿನ ಹಾಗೆ ನೀರಿನ ಮೇಲ್ಮೈಗೆ ಅಡ್ಡಡ್ಡ ಮಲಗಿದ್ದವು. ಅದೇ ಅನಾಫಿಲಿಸ್ ಮರಿ. ತೋಟದಲ್ಲಿ ಬಿದ್ದಿದ್ದ ಅಡಿಕೆ ಹಾಳೆಯ ನೀರನ್ನು ಒಂದು ಗಾಜಿನ ಲೋಟಕ್ಕೆ ಬಗ್ಗಿಸಿದೆವು. ಅದರಲ್ಲಿದ್ದವು ಬಾಲ ಮೇಲೆ, ತಲೆ ಕೆಳಗೆ ಮಾಡಿ ನೇತಾಡುತ್ತಿದ್ದವು. ಅವು ಬೇರೆ ಜಾತಿ, ಡೆಂಗಿ ತರುವ ಈಡಿಸ್ ಸೊಳ್ಳೆ ಇಂಥ ಕಡೆಯೇ ಬೆಳೆಯುವುದು. ಆ ಮನೆಯ ಅಜ್ಜಿ ಕನ್ನಡಕ ತರಿಸಿಕೊಂಡು ತಟ್ಟೆಯನ್ನು ತುಂಬಾ ಹೊತ್ತು ನೋಡಿದರು. "ಇಷ್ಟು ವರ್ಷ ಇದೇ ನೀರಲ್ಲಿ ಪಾತ್ರೆ ತೊಳೆದೆ" ಅಂದರು.

ಅದರ ಮುಂದಿನ ಶನಿವಾರ ರಾತ್ರಿ ಚಪ್ಪರದಲ್ಲಿ ಮಾತು ಶುರು ಮಾಡಿದ್ದು ಆ ಅಜ್ಜಿಯೇ. ಅವರು ಚಿಕ್ಕವರಿದ್ದಾಗ ಚಳಿಜ್ವರ ಬಂದು ಹೊಟ್ಟೆಯಲ್ಲಿ ಜ್ವರಗಡ್ಡೆ (ಊದಿಕೊಂಡ ಗುಲ್ಮ) ಬೆಳೆದ ಮಕ್ಕಳು, ಮನೆಗೆ ಸೊಳ್ಳೆ ಕೊಲ್ಲುವ ಡಿಡಿಟಿ ಹೊಡೆಯಲು ಬರುತ್ತಿದ್ದ 'ಮಲೇರಿಯಾದವರು', ಎಲ್ಲ ಹೇಳಿದರು. ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು 1953ರಲ್ಲಿ. ನಮ್ಮ ಮಾಹಿತಿ ಪತ್ರದಲ್ಲಿ ಆ ಇಸವಿ ಒಂದು ಸಾಲಾಗಿತ್ತು. ಅಜ್ಜಿ ಬಾಯಲ್ಲಿ ಅದು ಅವರ ತಮ್ಮನ ಕಥೆಯಾಗಿತ್ತು.

ಮೊಟ್ಟೆ ಸೊಳ್ಳೆಯಾಗಲು ಬೆಚ್ಚಗಿನ ಕಾಲದಲ್ಲಿ ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ, ಗೋಡೆ ಉಜ್ಜಿ ಒಣಗಿಸಿದರೆ ಈ ಸರಪಳಿ ತುಂಡಾಗುತ್ತದೆ. ಯಾವ ದಿನ ಅಂತ ನೆನಪಿರಬೇಕಲ್ವಾ? ಒಬ್ಬರು ಹೇಳಿದರು, "ಸಂತೆ ದಿನ ಮಾಡೋಣ, ಸಂತೆ ಯಾರೂ ಮರೆಯಲ್ಲ." ನಮ್ಮ ಪೋಸ್ಟರಿಗಿಂತ ಇದು ಜಾಸ್ತಿ ಕೆಲಸ ಮಾಡಿತು.

ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗಳಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಟ್ಟೆವು. ಮೊದಲ ಸಲ ಬಿಟ್ಟವೆಲ್ಲ ಎರಡೇ ದಿನಕ್ಕೆ ಸತ್ತವು. ಹಿಂದಿನ ದಿನವಷ್ಟೇ ಆ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರು, ನಾವು ಕೇಳಿರಲಿಲ್ಲ. ಇನ್ನೊಂದು ಎಚ್ಚರ ಬೇಕು. ಈ ಮೀನನ್ನು ಹಳ್ಳಕ್ಕೆ, ಹೊಳೆಗೆ ಬಿಡಲೇಬಾರದು. ಅಲ್ಲಿ ನಮ್ಮದೇ ಮೀನುಗಳಿವೆ, ಹೊರಗಿನದು ಸೇರಿದರೆ ಅವಕ್ಕೆ ತೊಂದರೆ. ಹಳ್ಳದ ಅಂಚಲ್ಲಿ ನಿಂತ ನೀರಿಗೆ ಸಣ್ಣ ಕಾಲುವೆ ಕಡಿದು ಹರಿಯಲು ಬಿಟ್ಟೆವು, ಅಷ್ಟೇ.

ನನಗೆ ಇವತ್ತಿಗೂ ಮನಸ್ಸಲ್ಲಿ ಉಳಿದಿರುವುದು ಹೊರ ಊರಿಂದ ಕೊನೆ ಕೊಯ್ಯಲು ಬಂದಿದ್ದ ಒಬ್ಬ ಹುಡುಗ. ನಡುಗುತ್ತಾ ಚಪ್ಪರದ ಮೂಲೆಯಲ್ಲಿ ಮಲಗಿದ್ದ. ಆಶಾ ಅಕ್ಕ ಬೆರಳು ಚುಚ್ಚಿ ರಕ್ತ ತೆಗೆದರು. ವೈವ್ಯಾಕ್ಸ್ ಮಲೇರಿಯಾ. ಈ ಜಾತಿಯ ರೋಗಾಣು ಯಕೃತ್ತಿನಲ್ಲಿ (ಲಿವರ್) ಅಡಗಿ ಕೂತು, ತಿಂಗಳುಗಳ ನಂತರ ಮತ್ತೆ ಏಳಬಲ್ಲದು. ಅದಕ್ಕೇ ಮೂರು ದಿನದ ಕ್ಲೋರೊಕ್ವಿನ್ ಜೊತೆಗೆ ಪ್ರೈಮಾಕ್ವಿನ್ ಮಾತ್ರೆ 14 ದಿನ. ಮಾತ್ರೆ ಕೊಡುವುದು ಆರೋಗ್ಯ ಸಿಬ್ಬಂದಿಯ ಕೆಲಸ, ಗರ್ಭಿಣಿಯರಿಗೆ ಪ್ರೈಮಾಕ್ವಿನ್ ಕೊಡುವ ಹಾಗಿಲ್ಲ. ನೆನಪಿಸುವುದು ಮಾತ್ರ ನಮ್ಮ ಪಾಲಿಗೆ ಬಂತು. ನಾಲ್ಕನೇ ದಿನ ಜ್ವರ ಬಿಟ್ಟಿತು, ಆರನೇ ದಿನ ಅವನ ತಂಡ ಬೇರೆ ಊರಿಗೆ ಹೊರಟಿತು. ಜ್ವರ ಹೋದ ಮೇಲೆ ಮಾತ್ರೆ ಯಾಕೆ ಅನ್ನೋದು ಅವನ ಪ್ರಶ್ನೆ. ನಮ್ಮ ತಂಡದ ಒಬ್ಬಳು ದಿನಾ ರಾತ್ರಿ ಊಟದ ಹೊತ್ತಿಗೆ ಅವನಿಗೆ ಫೋನ್ ಮಾಡಿದಳು. ಅವನು ಮಾತ್ರೆ ನುಂಗಿ, ಖಾಲಿಯಾದ ಪಟ್ಟಿಯ ಫೋಟೋ ಕಳಿಸುತ್ತಿದ್ದ. ಹದಿನಾಲ್ಕನೇ ಫೋಟೋ ಬಂದ ರಾತ್ರಿ ಹಾಸ್ಟೆಲಿನಲ್ಲಿ ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಈ ವರ್ಷ ತಟ್ಟೆ, ಸೌಟು, ತೊಟ್ಟಿಗಳ ಪಟ್ಟಿ ಎಲ್ಲ ಜೂನಿಯರ್‌ಗಳ ಕೈಗೆ ಕೊಟ್ಟಿದ್ದೇವೆ. ಪಟ್ಟಿಯ ಕೊನೆಯಲ್ಲಿ ಹೀಗೆ ಬರೆದಿದ್ದೇನೆ: ಹಳ್ಳದ ಆಚೆಯ ಎರಡು ಮನೆಗೆ ಹೋಗಲು ಆಗಿಲ್ಲ, ಸಂಕ (ಕಾಲುಸೇತುವೆ) ಹಾಕಿದ ಮೇಲೆ ಮೊದಲು ಅಲ್ಲಿಗೆ ಹೋಗಿ.